‘ನೋಡಿ’ ಕಾರ್ಡು

ಹೋದ ಭಾನುವಾರ ಹಳೆಯ ಡೈರಿಗಳನ್ನು ವರ್ಷವಾರು ಜೋಡಿಸುತ್ತಿದ್ದೆ. 2015ರ ಡೈರಿಯಿಂದ ಒಂದು ಕಾರ್ಡು ಜಾರಿ ಬಿತ್ತು. ಅಂಗೈಗಿಂತ ತುಸು ಅಗಲ, ಹಳದಿಗಟ್ಟಿದ ಅಂಚು, ಕೆಳಗೆ ನಟ್ಟನಡುವೆ ಒಂದು ದುಂಡನೆ ತೂತು. ಎತ್ತಿಕೊಂಡಾಗ ಬಜೆಯ ವಾಸನೆ ಬಂತು. ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ಈ ಮನೆಯಲ್ಲಿ ಬಜೆ ಇಲ್ಲ. ಆ ಕಾರ್ಡನ್ನು ಆಸ್ಟ್ರೇಲಿಯಾಕ್ಕೆ ತಂದವರು ಪುಸ್ತಕಕ್ಕೆ ಹುಳು ಬೀಳದಿರಲಿ ಎಂದು ಅದರ ಜೊತೆಗೆ ಬಜೆಯ ಎರಡು ತುಂಡನ್ನೂ ತಂದಿದ್ದರು. ಪರ್ತ್ ವಿಮಾನ ನಿಲ್ದಾಣದಲ್ಲಿ ಬೇರು, ಬೀಜ ಬಿಡುವುದಿಲ್ಲ ಎಂದು ತುಂಡುಗಳನ್ನು ತೆಗೆದಿಟ್ಟುಕೊಂಡರಂತೆ. ವಾಸನೆಯನ್ನು ಯಾರೂ ತೆಗೆದಿಟ್ಟುಕೊಳ್ಳಲಿಲ್ಲ...

ಕಾರ್ಡಿನ ಎಡಮೂಲೆಯಲ್ಲಿ ನನ್ನ ಪಾಸ್‌ಪೋರ್ಟಿನಲ್ಲಿರುವ ಹೆಸರು. ಅದರ ಕೆಳಗಿನ ಸಾಲಿನಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ‘ನೋಡಿ’ ಎಂಬ ಒಂದೇ ಪದ. ಆಮೇಲೆ ಖಾಲಿ.

ಮೂರು ವರ್ಷಕ್ಕೂ ಹೆಚ್ಚು ಕಾಲ ಅದು ಖಾಲಿಯೇ ಇತ್ತು.

ಬರೆದವರನ್ನು ನಾನು ಆಂಟಿ ಎನ್ನುತ್ತಿದ್ದೆ. ಇಲ್ಲಿ ಎಲ್ಲ ಹಿರಿಯರೂ ಆಂಟಿ, ಅಂಕಲ್ ಆಗಿಬಿಡುತ್ತಾರೆ, ನಿಜ. ಆದರೆ ನನ್ನ ಡೈರಿಯಲ್ಲಿ ಹೆಸರಿಲ್ಲದೆ ಬರೀ ‘ಆಂಟಿ’ ಎಂದು ಬರೆದಿರುವ ಕಡೆಯೆಲ್ಲ ಅವರೊಬ್ಬರೇ. ಎಣಿಸಿ ನೋಡಿದೆ: 2015ರ ಡೈರಿಯಲ್ಲೇ ನೂರಾ ಹದಿನೇಳು ಸಲ.

ಮೊದಲ ಸಲ ಮಾರ್ಚ್ ತಿಂಗಳಲ್ಲಿ. ನಾನು ಪರ್ತಿನ ಬೆಂಟ್ಲಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ, ನಾಲ್ವರು ಹುಡುಗಿಯರು ಸೇರಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿದ್ದೆ. ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಕೂತಿದ್ದೆ. ಒಳಗಿನಿಂದ ಬಂದ ಹುಡುಗಿ ಒಂದು ಹೆಸರನ್ನು ಮೂರು ಸಲ ಕೂಗಿದಳು. ಯಾರೂ ಏಳಲಿಲ್ಲ. ಉಚ್ಚಾರ ಕೆಟ್ಟಿತ್ತು, ಆದರೆ ಅದು ಕರ್ನಾಟಕದ ಯಾವುದೋ ಹಳ್ಳಿಯ ಹೆಸರು ಎಂದು ನನ್ನ ಕಿವಿಗೆ ತಾಕಿತು. ಎದುರಿಗೆ ಸೀರೆಯ ಮೇಲೆ ಬೂದು ಸ್ವೆಟರ್ ಹಾಕಿಕೊಂಡು ಒಬ್ಬರು ತೋಟಗಾರಿಕೆಯ ಪತ್ರಿಕೆ ಓದುತ್ತಿದ್ದರು.

“ಆಂಟಿ, ನಿಮ್ಮನ್ನೇ ಕೂಗ್ತಿರಬೇಕು,” ಎಂದೆ.

ಅವರು ತಲೆ ಎತ್ತಿ ಆ ಹುಡುಗಿಯನ್ನೂ ನನ್ನನ್ನೂ ನೋಡಿದರು. “ಅಯ್ಯೋ, ಅದು ನಮ್ಮ ಮಾವನವರ ಊರು ಕಣಮ್ಮ. ನಾನು ಅಲ್ಲಿಗೆ ಹೋಗಿರೋದೇ ಎರಡು ಸಲ. ಇಲ್ಲಿ ಬಂದ್ಮೇಲೆ ನಾನೇ ಆ ಊರಾಗ್ಬಿಟ್ಟಿದೀನಿ.”

ಆಮೇಲೆ ನನ್ನ ಸರದಿ. ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಊರಿನ ಮತ್ತು ಅಪ್ಪನ ಇನಿಷಿಯಲ್‌ಗಳನ್ನು ಅರ್ಜಿ ತುಂಬಿದವರು ಬಿಟ್ಟುಬಿಟ್ಟಿದ್ದರು. ಇಲ್ಲಿಯ ಕಂಪ್ಯೂಟರುಗಳು ಎರಡು ಹೆಸರಿಲ್ಲದೆ ಮುಂದೆ ಹೋಗುವುದಿಲ್ಲ, ಹಾಗಾಗಿ ಮೊದಲ ಹೆಸರಿನ ಜಾಗದಲ್ಲಿ ಒಂದು ಅಡ್ಡಗೀಟು ಹಾಕಿಕೊಂಡಿದ್ದವು. ವಿಶ್ವವಿದ್ಯಾಲಯದ ಪತ್ರಗಳು ‘ಡಿಯರ್ ಡ್ಯಾಶ್’ ಎಂದೇ ಬರುತ್ತಿದ್ದವು. ಮನೆಯ ಹುಡುಗಿಯರೂ ಡ್ಯಾಶ್ ಎಂದೇ ಕರೆಯುತ್ತಿದ್ದರು. ಕ್ಲಿನಿಕ್ಕಿನ ಹುಡುಗಿ ಗೀಟನ್ನು ಹೇಗೆ ಓದುವುದೆಂದು ತಡವರಿಸಿದಾಗ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾನಾದ್ರೂ ಊರು. ನೀನು ಬರೀ ಗೆರೆ.”

ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಗಳು ಡಾಕ್ಟರು, ಮನೆಗೆ ಬರುವಷ್ಟರಲ್ಲಿ ಏಳಾಗುತ್ತಿತ್ತು. ಯಜಮಾನರು ಹೋದ ಮೇಲೆ ಆಂಟಿ ಮಗಳ ಹತ್ತಿರ ಬಂದು ನೆಲೆಸಿದ್ದರು. ಅದಕ್ಕೂ ಮೊದಲು ಮೂವತ್ತು ವರ್ಷ ನಮ್ಮ ಕಡೆಯ ಒಂದು ಕೃಷಿ ಕಾಲೇಜಿನ ಲೈಬ್ರರಿಯಲ್ಲಿ ಕ್ಯಾಟಲಾಗ್ ಮಾಡುವ ಕೆಲಸ. ಪುಸ್ತಕ, ವರದಿ, ಪತ್ರಿಕೆ ಯಾವುದೇ ಬರಲಿ, ಅದರ ಹೆಸರು, ಬರೆದವರ ಹೆಸರು, ವಿಷಯ, ಎಲ್ಲಕ್ಕೂ ಕಾರ್ಡು ಬರೆದು ಉದ್ದನೆ ಡ್ರಾಯರಿನಲ್ಲಿ ಅಕಾರಾದಿಯಾಗಿ ಇಡುವುದು. ಕಂಪ್ಯೂಟರು ಬಂದು ಡ್ರಾಯರುಗಳನ್ನು ಹೊರಗೆ ಹಾಕಿದಾಗ ಮಿಕ್ಕಿದ್ದ ಖಾಲಿ ಕಾರ್ಡುಗಳ ಕಟ್ಟನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಪರ್ತಿನಲ್ಲಿ ತರಕಾರಿ ಪಟ್ಟಿಯನ್ನೂ ಅದರ ಮೇಲೇ ಬರೆಯುತ್ತಿದ್ದರು.

ನನ್ನ ಸಂಶೋಧನೆಯೂ ಒಂದು ರೀತಿಯಲ್ಲಿ ಕ್ಯಾಟಲಾಗೇ ಆಗಿತ್ತು. ನಾನು ಹವಾಮಾನವನ್ನು ಓದುತ್ತಿರಲಿಲ್ಲ, ಹವಾಮಾನದ ಬಗ್ಗೆ ಬರೆದವರನ್ನು ಎಣಿಸುತ್ತಿದ್ದೆ. ಬಡ ದೇಶಗಳಲ್ಲಿ ಮಳೆ, ಬಿಸಿಲು, ಬೆಳೆ ಬದಲಾಗುತ್ತಿರುವುದರ ಬಗ್ಗೆ ಪ್ರಕಟವಾದ ಲೇಖನಗಳನ್ನು ಒಟ್ಟು ಹಾಕಿ, ಬರೆದವರು ಯಾರು, ಕೂತು ಬರೆದದ್ದು ಎಲ್ಲಿ, ಅಲ್ಲಿಯವರೇ ಬರೆಯುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೋ ಇಲ್ಲವೋ ಎಂದು ನೋಡುವುದು. ಉದಾಹರಣೆಗೆ ಎತ್ತಿಕೊಂಡ ಒಂದು ಪ್ರದೇಶ ಕರ್ನಾಟಕದ ಒಣಭೂಮಿ. ಆಗಸ್ಟಿನ ಹೊತ್ತಿಗೆ ಉತ್ತರ ಸಿಕ್ಕಿತ್ತು. ಗ್ರಾಫಿನ ಗೆರೆ ಮೇಲೆ ಹೋಗುತ್ತಿತ್ತು. ವರ್ಷ ವರ್ಷವೂ ಹೊಸ ಹೊಸ ಕನ್ನಡದ ಹೆಸರುಗಳು. ನನ್ನ ಗೈಡ್ ಖುಷಿಯಾದರು. ನವೆಂಬರಿನಲ್ಲಿ ನಡೆಯಲಿದ್ದ ಬ್ರಿಸ್ಬೇನಿನ ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆವು. ಡಿಸೆಂಬರಿನಲ್ಲಿ ಅವರು ಒಂದು ಸಮಿತಿಗೆ ಕೊಡಬೇಕಿದ್ದ ವರದಿಯಲ್ಲಿ ನನ್ನ ಗೆರೆ ಹೋಗುವುದಿತ್ತು. ಅಲ್ಲಿ ಸ್ಥಳೀಯ ಸಂಶೋಧಕರು ತಾವಾಗಿಯೇ ಹೆಚ್ಚುತ್ತಿದ್ದಾರೆ, ಹೊಸಬರನ್ನು ತಯಾರು ಮಾಡುವ ತರಬೇತಿಯನ್ನು ಇನ್ನು ಬೇರೆ ಕಡೆಗೆ ಕೊಡಬಹುದು ಎಂಬ ವಾಕ್ಯಕ್ಕೆ ಆಧಾರವಾಗಿ.

ಆ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಆಂಟಿಗೆ ತೋರಿಸಲು ತೆಗೆದುಕೊಂಡು ಹೋದೆ. ಮೆಚ್ಚಿಕೊಳ್ಳಲಿ ಎಂದೇ ಹೋದದ್ದು. ಅವರು ಒಗ್ಗರಣೆಯ ಒಲೆ ಆರಿಸಿ ಬಂದು, ಕನ್ನಡಕ ಒರೆಸಿಕೊಂಡು, ಮೊದಲ ಪುಟದಲ್ಲೇ ನಿಂತರು. ಪೆನ್ಸಿಲ್ ಕೇಳಿದರು. ಮೂರು ಬೇರೆ ಬೇರೆ ಸಾಲುಗಳಿಗೆ ಮೂರು ಚುಕ್ಕೆ ಇಟ್ಟರು.

“ಇವರು ಮೂರು ಜನ ಅಲ್ಲ ಕಣೇ. ಒಬ್ರೇ.”

“ಮೂರು ಹೆಸರಿದೆಯಲ್ಲ ಆಂಟಿ?”

“ಇದು ಅವರು. ಇದು ಅವರಪ್ಪ. ಇದು ಅವರೂರು. ನಮ್ಮ ಲೈಬ್ರರಿಗೆ ಮಳೆ ಲೆಕ್ಕದ ಹಳೇ ಸಂಪುಟ ನೋಡೋಕೆ ಬರೋರು. ಗುರುತಿಗೆ ಅಂತ ಪುಟ ಮಡಿಸೋರು. ಎಷ್ಟು ಸಲ ಬೈದಿದೀನಿ ಅಂತೀಯ.”

ಆ ಮನುಷ್ಯ ಮೊದಲು ಇನಿಷಿಯಲ್ ಮುಂದಿಟ್ಟು ತನ್ನ ಹೆಸರಿನಲ್ಲಿ ಬರೆದಿದ್ದರು. ವಿದೇಶದ ಪತ್ರಿಕೆಯವರು ಸರ್‌ನೇಮ್ ಕೇಳಿದಾಗ ಅಪ್ಪನ ಹೆಸರು ಕೊಟ್ಟಿದ್ದರು. ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಸರ್‌ನೇಮಿನ ಜಾಗದಲ್ಲಿ ಊರು ಕೂತಿತ್ತು. ಕಂಪ್ಯೂಟರಿಗೆ ಅವರು ಮೂವರು, ಅದರಲ್ಲಿ ಇಬ್ಬರು ‘ಹೊಸಬರು’. ನನ್ನ ಗೆರೆಯನ್ನು ಮೇಲೆ ಎಳೆದವರಲ್ಲಿ ಆ ಇಬ್ಬರೂ ಇದ್ದರು.

ನಾನು ಒಪ್ಪಲಿಲ್ಲ. ಒಬ್ಬರೋ ಇಬ್ಬರೋ ಹಾಗಿರಬಹುದು, ಹೆಸರು ಹೊಂದಿಸುವ ಸಾಫ್ಟ್‌ವೇರ್ ಹಾಕಿದ್ದೇವೆ ಎಂದೆ. ಆಂಟಿ ಪೆನ್ಸಿಲ್ ವಾಪಸು ಕೊಟ್ಟರು. “ನಿನ್ನ ಸಾಫ್ಟ್‌ವೇರಿಗೆ ನಮ್ಮ ಮಾವನ ಊರು ಗೊತ್ತಾ?”

ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ‘ಪಟ್ಟಿ ತಪ್ಪು. ಎಷ್ಟು ತಪ್ಪು ಗೊತ್ತಿಲ್ಲ.’ ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅರ್ಥವಿತ್ತು. ದಿನ ಬೆಳಗಾದರೆ ಡ್ಯಾಶ್ ಎಂದು ಕರೆಸಿಕೊಳ್ಳುತ್ತಿದ್ದ ನಾನು, ನಮ್ಮ ಹೆಸರುಗಳು ಈ ಖಾನೆಗಳಲ್ಲಿ ಹೇಗೆ ಮುರಿಯುತ್ತವೆ ಎಂದು ಮೈಯಲ್ಲೇ ಗೊತ್ತಿದ್ದ ನಾನು, ಕನ್ನಡದ ಹೆಸರುಗಳನ್ನು ಎಣಿಸುವಾಗ ಅದನ್ನು ಮರೆತಿದ್ದೆ.

ಗೈಡ್ ಮುಂದೆ ಹೋಗಿ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಅವಸರದಲ್ಲಿದ್ದರು. ಇಂಥ ದೋಷ ಎಲ್ಲ ಎಣಿಕೆಯಲ್ಲೂ ಇರುತ್ತದೆ, ಮಿತಿಗಳು ಎಂಬ ಪ್ಯಾರಾದಲ್ಲಿ ಒಂದು ವಾಕ್ಯ ಸೇರಿಸು ಎಂದರು. ಆ ಒಂದು ವಾಕ್ಯದಿಂದ ಗೆರೆ ಬದಲಾಗುವುದಿಲ್ಲವಲ್ಲ ಎಂದೆ. ಹಾಗಾದರೆ ಅನುಮಾನ ತರಬೇಡ, ಎಣಿಕೆ ತಾ ಎಂದರು. ಸಮ್ಮೇಳನಕ್ಕೆ ಹನ್ನೊಂದು ವಾರ ಇತ್ತು. ಡೈರಿಯ ಹಿಂದಿನ ಪುಟದಲ್ಲಿ ಹನ್ನೊಂದು ಚೌಕ ಬರೆದುಕೊಂಡು ಕರ್ನಾಟಕದ ಪಟ್ಟಿಯನ್ನು ಕೈಯಲ್ಲೇ ಮೊದಲಿನಿಂದ ಎಣಿಸಲು ಶುರು ಮಾಡಿದೆ.

ಮಧ್ಯಾಹ್ನಕ್ಕೆ ಇಲ್ಲಿಯವರು ಆಡುವ ‘ಆರ್ವೋ’ ಎಂಬ ಪದ ಆಂಟಿಗೆ ಬಹಳ ಇಷ್ಟವಾಗಿತ್ತು. ‘ಆರ್ವೋ ಬಾ’ ಎಂದು ಮೆಸೇಜ್ ಕಳಿಸುತ್ತಿದ್ದರು. ಎರಡು ಗಂಟೆಗೆ ಹೋಗುತ್ತಿದ್ದೆ, ಐದಕ್ಕೆ ಏಳುತ್ತಿದ್ದೆ. ಊಟದ ಮೇಜಿನ ಮೇಲೆ ಹಾಳೆ ಹಾಸಿ, ಒಬ್ಬೊಬ್ಬ ಲೇಖಕರಿಗೂ ಒಂದೊಂದು ಕಾರ್ಡು. ಅವರ ಕಟ್ಟು ಅರ್ಧಕ್ಕೆ ಇಳಿದಾಗ, ಇದ್ದದ್ದನ್ನು ಒಳ್ಳೆಯದಕ್ಕೆ ಇರಲಿ ಎಂದು ಎತ್ತಿಟ್ಟು, ಕಾರ್ನ್‌ಫ್ಲೇಕ್ಸಿನ ರಟ್ಟಿನ ಡಬ್ಬಿಗಳನ್ನು ಅದೇ ಅಳತೆಗೆ ಕತ್ತರಿಸಿಕೊಂಡೆವು. ನಾನು ಕತ್ತರಿಸಿದ್ದು ಒಂದೆಳೆ ದೊಡ್ಡದಾದರೂ ಪಕ್ಕಕ್ಕಿಡುತ್ತಿದ್ದರು. “ಡ್ರಾಯರಲ್ಲಿ ಸಿಕ್ಕಿಹಾಕ್ಕೊಳತ್ತೆ.” ಡ್ರಾಯರೇ ಇರಲಿಲ್ಲ. ಅವನ್ನೆಲ್ಲ ಒಂದು ಶೂ ಡಬ್ಬಿಯಲ್ಲಿ ಇಡುತ್ತಿದ್ದೆವು.

ಅವರ ನಿಯಮಗಳನ್ನು ಬರೆದಿಟ್ಟುಕೊಂಡಿದ್ದೇನೆ. ಹುಡುಕುವವನು ಯಾವ ಹೆಸರು ಹಿಡಿದುಕೊಂಡು ಬರುತ್ತಾನೋ ಆ ಹೆಸರಿನಲ್ಲಿ ಮುಖ್ಯ ಕಾರ್ಡು. ಮಿಕ್ಕ ಹೆಸರುಗಳಿಗೆಲ್ಲ ಒಂದೊಂದು ‘ನೋಡಿ’ ಕಾರ್ಡು. ಅದರಲ್ಲಿ ಆ ಹೆಸರು, ‘ನೋಡಿ’ ಎಂಬ ಪದ, ಮುಂದೆ ಮುಖ್ಯ ಕಾರ್ಡಿನ ಹೆಸರು, ಅಷ್ಟೇ. ಊರುಗಳಿಗೂ ಹಾಗೆಯೇ. ಹಿಂದಿನ ವರ್ಷವಷ್ಟೇ ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದವು. ನನ್ನ ಪಟ್ಟಿಯಲ್ಲಿ ಬಿಜಾಪುರ ಒಂದು ಜಾಗ, ವಿಜಯಪುರ ಇನ್ನೊಂದು ಜಾಗ ಆಗಿ ಕೂತಿತ್ತು. ಅದನ್ನೂ ಅವರೇ ಹಿಡಿದರು. ಕೊನೆಯ ನಿಯಮ ಹೇಳುವಾಗ ದನಿ ಗಟ್ಟಿಯಾಗುತ್ತಿತ್ತು. ಮುಖ್ಯ ಕಾರ್ಡು ಇಲ್ಲದೆ ‘ನೋಡಿ’ ಕಾರ್ಡು ಇಡಕೂಡದು. ಅದಕ್ಕೆ ಕುರುಡು ಕಾರ್ಡು ಎನ್ನುತ್ತಿದ್ದರಂತೆ. “ಒಬ್ಬರನ್ನ ಅಲ್ಲಿ ಹೋಗು ಅಂತ ಕಳಿಸಿ, ಅಲ್ಲಿ ಬಾಗಿಲೇ ಇಲ್ಲದಿದ್ರೆ? ಅದಕ್ಕಿಂತ ಗೊತ್ತಿಲ್ಲ ಅನ್ನೋದು ವಾಸಿ.”

ಅವರು ಎಲ್ಲವನ್ನೂ ಸರಿಯಾಗಿಯೇ ಹೇಳಿದರು ಎಂದಲ್ಲ. ಒಂದೇ ಹೆಸರಿನ ಇಬ್ಬರನ್ನು ಒಬ್ಬರೇ ಎಂದು ಹಟ ಹಿಡಿದರು. ಅನುಮಾನವಿದ್ದವರಿಗೆಲ್ಲ ನಾನು ಪತ್ರ ಬರೆಯುತ್ತಿದ್ದೆ, ಆ ಇಬ್ಬರಿಗೂ ಬರೆದೆ. ಇಬ್ಬರಿಂದಲೂ ಬೇರೆ ಬೇರೆ ಉತ್ತರ ಬಂತು. ಒಬ್ಬರು ಮಣ್ಣಿನವರು, ಇನ್ನೊಬ್ಬರು ಅಂತರ್ಜಲದವರು. ಆಂಟಿ ತಾವು ಬರೆದ ಕಾರ್ಡನ್ನು ನಾಲ್ಕು ಚೂರು ಮಾಡಿದರು. ಮರುದಿನ ಬಾಗಿಲು ತೆಗೆಯುತ್ತಲೇ, “ಇಬ್ಬರಿಗೂ ಹುಟ್ಟಿದ ವರ್ಷ ಹಾಕ್ಬೇಕಿತ್ತು, ನಂದೇ ತಪ್ಪು,” ಎಂದರು.

ಇನ್ನೊಂದು ದಿನ ನೆನಪಿದೆ. ಒಬ್ಬ ಮಹಿಳೆ ರಾಗಿಯ ಮೇಲೆ ನಾಲ್ಕು ಲೇಖನ ಬರೆದು ಇದ್ದಕ್ಕಿದ್ದಂತೆ ನಿಂತುಹೋಗಿದ್ದರು. ನಾನು ಅವರನ್ನು ‘ಕ್ಷೇತ್ರ ಬಿಟ್ಟವರು’ ಎಂಬ ಖಾನೆಗೆ ಹಾಕಿದ್ದೆ. ಆಂಟಿ ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಪಟ್ಟಿಯ ಕೆಳಗಿನ ಪುಟಗಳಲ್ಲಿ ಬೆರಳಾಡಿಸುತ್ತಾ ಹೋಗಿ ಇನ್ನೊಂದು ಹೆಸರಿನ ಮೇಲೆ ನಿಲ್ಲಿಸಿದರು. ಅದೇ ರಾಗಿ, ಅದೇ ಊರು, ಬೇರೆ ಇನಿಷಿಯಲ್.

“ಬಿಟ್ಟಿಲ್ಲ ಇವಳು. ಮದುವೆ ಆಗಿದಾಳೆ ಅಷ್ಟೆ.”

ಪತ್ರ ಬರೆದೆ. ಹೌದು, ನಾನೇ ಎಂದು ಉತ್ತರ ಬಂತು. ಇಷ್ಟು ವರ್ಷಕ್ಕೆ ಎರಡನ್ನೂ ಒಟ್ಟಿಗೆ ಓದಿದವಳು ನೀನೇ ಮೊದಲು ಎಂದು ಕೆಳಗೆ ಬರೆದಿದ್ದರು. ಆಂಟಿ ಅದನ್ನು ನನ್ನ ಫೋನಿನಲ್ಲಿ ಎರಡು ಸಲ ಓದಿಸಿಕೊಂಡರು.

ಹತ್ತನೇ ಚೌಕ ತುಂಬುವಷ್ಟರಲ್ಲಿ ಎಣಿಕೆ ಮುಗಿಯಿತು. ಕೂತ ಮಧ್ಯಾಹ್ನಗಳು ನಲವತ್ತಮೂರು, ಬರೆದ ಪತ್ರ ಎಂಬತ್ತೆಂಟು, ಬಂದ ಉತ್ತರ ಐವತ್ತು. ಗೆರೆ ಮಲಗಿತ್ತು. ಹೊಸಬರು ಎಂದು ನಾನು ಎಣಿಸಿದ್ದವರಲ್ಲಿ ಹೆಚ್ಚಿನವರು ಹಳಬರೇ, ಬೇರೆ ಹೆಸರಿನಲ್ಲಿ ಮತ್ತೆ ಬಂದವರು. ಆ ಒಣಭೂಮಿಯ ಬಗ್ಗೆ ಅಲ್ಲಿಯೇ ಕೂತು ಬರೆಯುತ್ತಿದ್ದವರು ಕೆಲವೇ ಜನ, ದಶಕಗಳಿಂದ ಅವರೇ. ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ನಮ್ಮ ಪಟ್ಟಿ ಅವರನ್ನು ಗುಂಪು ಮಾಡಿ ತೋರಿಸುತ್ತಿತ್ತು.

ಬ್ರಿಸ್ಬೇನಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ಒಬ್ಬ ಪರಿಚಯದವರ ಮನೆಯಲ್ಲಿ ಉಳಿದಿದ್ದೆ. ಪೇಟೆಗೆ ಬರುವ ರೈಲಿನಲ್ಲಿ ಹನ್ನೆರಡು ನಿಮಿಷದ ಮಾತನ್ನು ಮೂರು ಸಲ ಹೇಳಿಕೊಂಡೆ. ಸಭೆಯಲ್ಲಿ ಒಬ್ಬರು ಎದ್ದು, ಹಾಗಾದರೆ ಏನೂ ಬದಲಾಗಿಲ್ಲ ಎನ್ನುವುದೇ ನಿನ್ನ ಫಲಿತಾಂಶವೇ ಎಂದು ಕೇಳಿದರು. ಬದಲಾಗಿದೆ ಎಂದುಕೊಂಡು ನಾವು ನೋಡುವುದನ್ನು ನಿಲ್ಲಿಸುತ್ತಿದ್ದೆವು, ಅದು ಫಲಿತಾಂಶ ಎಂದೆ. ಗೈಡ್ ಮೂರನೇ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಡಿಸೆಂಬರಿನ ವರದಿಯಲ್ಲಿ ತರಬೇತಿಯನ್ನು ಬೇರೆ ಕಡೆಗೆ ಕೊಡಬಹುದು ಎಂಬ ವಾಕ್ಯ ಇರಲಿಲ್ಲ. ಆ ಜಾಗದಲ್ಲಿ ನಮ್ಮ ಕಾರ್ಡುಗಳ ಎಣಿಕೆ ಇತ್ತು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹಾಕುತ್ತೇನೆ ಎಂದಾಗ ಆಂಟಿ ಬೇಡ ಎಂದರು. “ಕೃತಜ್ಞತೆ ಪುಟಾನ ಯಾರೂ ಕ್ಯಾಟಲಾಗ್ ಮಾಡಲ್ಲ. ನಿಯಮಗಳನ್ನ ವಿಧಾನದ ಅಧ್ಯಾಯದಲ್ಲಿ ಹಾಕು. ಬೇಕಾದೋರಿಗೆ ಸಿಗತ್ತೆ.” ಹಾಗೇ ಮಾಡಿದೆ. ಅವರ ಹೆಸರು ಎಲ್ಲೂ ಬರಲಿಲ್ಲ.

2016ರಲ್ಲಿ ಮಗಳಿಗೆ ಅಡಿಲೇಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಟ್ಟುತ್ತಿದ್ದ ದಿನ ಆಂಟಿ ಎತ್ತಿಟ್ಟಿದ್ದ ಒಳ್ಳೆಯ ಕಾರ್ಡುಗಳಲ್ಲಿ ಒಂದನ್ನು ತೆಗೆದು ಈ ಕಾರ್ಡು ಬರೆದುಕೊಟ್ಟರು. ನನ್ನ ಪಾಸ್‌ಪೋರ್ಟಿನ ಹೆಸರು, ಕೆಳಗೆ ‘ನೋಡಿ’. ಹಿಂದಿನ ವರ್ಷದ ಡೈರಿ ಕೈಯಲ್ಲಿತ್ತು, ನಿಯಮಗಳನ್ನು ಬರೆದ ಪುಟದಲ್ಲಿ ಇಟ್ಟುಕೊಂಡೆ.

“ಮುಂದೆ ಏನ್ ಹಾಕ್ಲಿ ಆಂಟಿ?”

“ಅದು ನೀನೇ ತುಂಬ್ಬೇಕು. ಜೀವನಪೂರ್ತಿ ಯಾವ ಹೆಸರಲ್ಲಿ ಬರೀತೀಯ ಅಂತ ಮೊದಲು ತೀರ್ಮಾನ ಮಾಡ್ಕೋ. ಇಲ್ದಿದ್ರೆ ಇನ್ನೊಂದಿಪ್ಪತ್ತು ವರ್ಷಕ್ಕೆ ಇನ್ಯಾವಳೋ ಡ್ಯಾಶ್ ಬಂದು ನಿನ್ನನ್ನ ಮೂರು ಜನ ಮಾಡ್ತಾಳೆ.”

2017ರಲ್ಲಿ ಅಡಿಲೇಡಿಗೆ ಹೋಗಿ ಎರಡು ದಿನ ಇದ್ದೆ. ಇಳಿದುಹೋಗಿದ್ದರು. ಕಾರ್ಡು ತುಂಬಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ನನ್ನ ಮೊದಲ ಎರಡು ಲೇಖನಗಳು ಗೀಟಿನೊಂದಿಗೇ ಪ್ರಕಟವಾಗಿದ್ದವು. ಬದಲಾಯಿಸಲು ಅರ್ಜಿ, ಪ್ರಮಾಣಪತ್ರ ಎಲ್ಲ ಬೇಕಿತ್ತು, ಮುಂದೆ ನೋಡೋಣ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮರುವರ್ಷ ನನಗೆ ಬ್ರಿಸ್ಬೇನಿನಲ್ಲಿ ಕೆಲಸವಾಯಿತು. ತಿಂಗಳ ಮೊದಲ ಭಾನುವಾರ ಫೋನು ಮಾಡುತ್ತಿದ್ದೆ. ಅಡಿಲೇಡಿನ ಗಡಿಯಾರಕ್ಕೂ ನಮ್ಮದಕ್ಕೂ ಅರ್ಧ ಗಂಟೆ ವ್ಯತ್ಯಾಸ. “ಒಂದು ಗಂಟೆ ಅಂದ್ರೆ ಅರ್ಥ ಆಗತ್ತೆ, ಅರ್ಧ ಗಂಟೆಗೆ ಯಾಕೆ ಇಷ್ಟು ಜಗಳ ಇವರದ್ದು,” ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಡೈರಿಯಲ್ಲಿ ಹದಿನಾಲ್ಕು ಕರೆಗಳಿವೆ. ಈ ವರ್ಷ ಚಳಿಗಾಲದಲ್ಲಿ ಕೆಲಸದ ಒತ್ತಡದಿಂದ ಎರಡು ಭಾನುವಾರ ತಪ್ಪಿತು. ಮೂರನೆಯ ತಿಂಗಳು ಮಾಡಿದಾಗ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು.

ಮಗಳ ನಂಬರು ನನ್ನ ಹತ್ತಿರ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಆಂಟಿಯ ಹೆಸರು ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಮೂರು ದಿನ ಹಾಗೇ ಇದ್ದೆ. ನಾಲ್ಕನೇ ದಿನ ಆಫೀಸಿನಲ್ಲಿ, ಯಾರದೋ ಹೆಸರನ್ನು ಪಟ್ಟಿಗೆ ಸೇರಿಸುತ್ತಿರುವಾಗ ಕೈ ನಿಂತಿತು. ನಾನು ಹುಡುಕಿದ್ದು ನನಗೆ ಗೊತ್ತಿದ್ದ ಹೆಸರಿನಲ್ಲಿ. ಕ್ಲಿನಿಕ್ಕಿನಲ್ಲಿ ಮೂರು ಸಲ ಕೂಗಿದ ಆ ಊರಿನ ಹೆಸರನ್ನು ಹಾಕಿದೆ. ಅಡಿಲೇಡಿನ ಅಂತ್ಯಕ್ರಿಯೆಯ ಒಂದು ಸೂಚನೆ ಮೊದಲನೆಯದಾಗಿ ಬಂತು. ಏಳು ವಾರ ಹಳೆಯದು.

ಮಗಳು ನನಗೆ ತಿಳಿಸಿದ್ದರು. ನನ್ನ ಲೇಖನದ ಮೊದಲ ಪುಟದಲ್ಲಿದ್ದ ವಿಶ್ವವಿದ್ಯಾಲಯದ ಇಮೇಲಿಗೆ ಬರೆದಿದ್ದರಂತೆ. ಪದವಿ ಮುಗಿದ ಮೇಲೆ ಅದು ಮುಚ್ಚಿತ್ತು.

ಹೋದ ಭಾನುವಾರ ಕಾರ್ಡು ಬಿದ್ದ ಮೇಲೆ ಮೊದಲು ಮಾಡಿದ ಕೆಲಸ, ಖಾಲಿ ಜಾಗ ತುಂಬಿದ್ದು. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ನನ್ನ ಹೆಸರು, ಮನೆಯಲ್ಲಿ ಬರೆಯುತ್ತಿದ್ದ ಹಾಗೆಯೇ. ಶಾಯಿಯಲ್ಲಿ ಬರೆದೆ. ಸೋಮವಾರ ಎರಡು ಪತ್ರಿಕೆಗಳಿಗೂ ಅರ್ಜಿ ಕಳಿಸಿದೆ. ಮೂರನೆಯ ಲೇಖನ ಇದೇ ಹೆಸರಿನಲ್ಲಿ ಹೋಗುತ್ತದೆ, ಆಮೇಲಿನವೂ.

ಎರಡನೆಯ ಕೆಲಸ ಅಷ್ಟು ಸುಲಭವಾಗಲಿಲ್ಲ. ಒಂದು ಡಬ್ಬಿ ಕತ್ತರಿಸಿ, ಅಳತೆ ಸರಿಯಾಗಿ ನೋಡಿಕೊಂಡು, ಎಡಮೂಲೆಯಲ್ಲಿ ಆ ಊರಿನ ಹೆಸರು ಬರೆದೆ. ಕೆಳಗೆ ‘ನೋಡಿ: ಆಂಟಿ’. ನಾನು ಹುಡುಕಿಕೊಂಡು ಹೋಗುತ್ತಿದ್ದದ್ದು ‘ಆಂಟಿ’ ಎಂಬ ಹೆಸರನ್ನೇ, ಹಾಗಾಗಿ ಅವರ ನಿಯಮದಂತೆ ಮುಖ್ಯ ಕಾರ್ಡು ಅದರಲ್ಲೇ ಇರಬೇಕು. ಪೆನ್ನಿನ ಮುಚ್ಚಳ ಹಾಕುವಾಗ ಹೊಳೆಯಿತು, ಅಂಥ ಮುಖ್ಯ ಕಾರ್ಡೇ ಇಲ್ಲ. ಅವರು ಪುಸ್ತಕ ಬರೆದವರಲ್ಲ, ಲೇಖನ ಬರೆದವರಲ್ಲ. ನಾನು ಬರೆದದ್ದು ಕುರುಡು ಕಾರ್ಡು. ಅವರಾಗಿದ್ದರೆ ನಾಲ್ಕು ಚೂರು ಮಾಡುತ್ತಿದ್ದರು.

ಹರಿಯಲಿಲ್ಲ. ಮುಖ್ಯ ಕಾರ್ಡು ಬರೆಯಲು ಕೂತೆ. ಇವತ್ತಿಗೆ ಆರು ದಿನವಾಯಿತು, ಅದು ಇಷ್ಟು ಉದ್ದವಾಗಿದೆ. ಶೂ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಇನ್ನು ಅವರನ್ನು ಹುಡುಕಿಕೊಂಡು ಬಂದವರಿಗೆ ಬಾಗಿಲು ಇಲ್ಲಿದೆ. ಒಳಗೆ ಅವರು ಸಿಗುವುದಿಲ್ಲ, ಸಿಗುವುದು ಇಷ್ಟೇ...